ಓರೆಯಾಗಿ ಕೊರೆದ ಬಾವಿ ಎಲ್ಲಿ ಹೋಯಿತು? ಕೈಲೆಕ್ಕದ ಸಮಗ್ರ ಮಾರ್ಗದರ್ಶಿ

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ 1500 ಅಡಿ ಬೋರ್‌ವೆಲ್ ಅಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಜಾಗ ತೋರಿಸುತ್ತಾರೆ, ಸಂಜೆಗೆ ರಿಗ್ ಬಂದು ನಿಲ್ಲುತ್ತದೆ, ಕಲ್ಲಿನ ಪುಡಿ ಬೀದಿಗೆಲ್ಲ ಕವಿಯುತ್ತದೆ. ಆ ತೂತು ನೆಟ್ಟಗೆ ಕೆಳಗೆ ಹೋಗಿದೆ ಎಂದೇ ಎಲ್ಲರ ನಂಬಿಕೆ. ಆದರೆ ಬರೀ 2 ಡಿಗ್ರಿ ವಾಲಿದ್ದರೂ 1500 ಅಡಿಗೆ ಅದರ ತುದಿ 52 ಅಡಿ ಪಕ್ಕಕ್ಕೆ ಸರಿದಿರುತ್ತದೆ. 30×40 ಸೈಟಿನ ನಟ್ಟನಡುವೆ ಕೊರೆಸಿದ ಬೋರಿನ ತಳ ಪಕ್ಕದ ಸೈಟಿನ ಕೆಳಗೋ, ಅದರಾಚೆಯ ಸೈಟಿನ ಕೆಳಗೋ ಇರಬಹುದು.

ಇದು ತಾನಾಗಿ ವಾಲಿದ ಬಾವಿಯ ಮಾತು. ಬೇಕೆಂದೇ ವಾಲಿಸಿ, ಬಾಗಿಸಿ ಕೊರೆಯುವ ಬಾವಿಗಳೂ ಇವೆ. ತೈಲದವರು ಒಂದೇ ಕಟ್ಟೆಯಿಂದ ಹತ್ತು ದಿಕ್ಕಿಗೆ ಕೊರೆಯುತ್ತಾರೆ. ಅದಿರು ಹುಡುಕುವವರಿಗಂತೂ ಓರೆ ಬಾವಿಯೇ ದಿನದ ಕೆಲಸ. ಕೆಜಿಎಫ್‌ನಲ್ಲಿ ಚಿನ್ನದ ಪಟ್ಟಿಗಳು ಉತ್ತರ ದಕ್ಷಿಣವಾಗಿ ಹರಡಿ, ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತವೆ. ಅಂಥ ಪಟ್ಟಿಯನ್ನು ಅಡ್ಡಹಾಯಬೇಕಾದರೆ ಪಶ್ಚಿಮದಲ್ಲಿ ರಿಗ್ ನಿಲ್ಲಿಸಿ ಪೂರ್ವಕ್ಕೆ ಓರೆಯಾಗಿ ಕೊರೆಯಬೇಕು. ನೆಟ್ಟಗೆ ಕೊರೆದರೆ ಪಟ್ಟಿಯ ಪಕ್ಕದಲ್ಲೇ ಇಳಿದುಹೋಗಿ ಏನೂ ಸಿಗದೆ ವಾಪಸ್ ಬರಬೇಕಾಗುತ್ತದೆ.

ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಸರ್ವೆ ತಂಡದ ಸಹಾಯಕರಾಗಿದ್ದರು. ಮೇಲಿನ ದಿಕ್ಕನ್ನು ಕೆಳಕ್ಕೆ ಇಳಿಸಲು ಶಾಫ್ಟಿನಲ್ಲಿ ಉಕ್ಕಿನ ತಂತಿ ಇಳಿಬಿಟ್ಟು, ತುದಿಯ ತೂಕದ ಗುಂಡನ್ನು ಎಣ್ಣೆ ತುಂಬಿದ ಡ್ರಮ್ಮಿನಲ್ಲಿ ಮುಳುಗಿಸುತ್ತಿದ್ದರಂತೆ, ತೂಗಾಟ ನಿಲ್ಲಲಿ ಅಂತ. ಆ ತಂತಿ ಸುಮ್ಮನಾಗುವುದನ್ನು ಗಂಟೆಗಟ್ಟಲೆ ಕಾಯುವುದೇ ಅವರ ಕೆಲಸ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಭೂಮಿಯೊಳಗಿನ ಬಿಂದು ಎಲ್ಲಿದೆ ಎಂದು ಕಣ್ಣಿಂದ ನೋಡಲಾಗದು, ಲೆಕ್ಕದಿಂದಲೇ ಹಿಡಿಯಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ. ಈಗ ಸಾಫ್ಟ್‌ವೇರ್ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಆದರೂ ಒಂದು ಬಾವಿಯನ್ನಾದರೂ ಕೈಯಾರೆ ಲೆಕ್ಕ ಹಾಕದವರಿಗೆ ಆ ಉತ್ತರ ತಪ್ಪಿದ್ದರೆ ತಪ್ಪು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸೈನ್, ಕಾಸ್ ಗುಂಡಿ ಇರುವ ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು.

ಮೊದಲು ಮೂರು ಅಂಕಿ

ಬಾವಿಯೊಳಗೆ ಸರ್ವೆ ಉಪಕರಣ ಇಳಿಸಿ, ಸಾಮಾನ್ಯವಾಗಿ 30 ಮೀಟರಿಗೊಮ್ಮೆ, ಮೂರು ಅಂಕಿ ತೆಗೆಯುತ್ತಾರೆ. ಹೀಗೆ ಅಂಕಿ ತೆಗೆದ ಒಂದೊಂದು ಜಾಗವೂ ಒಂದು ನಿಲ್ದಾಣ.

ಒಂದು, ಕೊರೆದ ಉದ್ದ. ಬಾವಿಯ ಬಾಯಿಯಿಂದ ಬಾವಿಯ ದಾರಿಯುದ್ದಕ್ಕೂ ಅಳೆದದ್ದು. ಇದು ಆಳವಲ್ಲ. ಇಳಿಸಿದ ರಾಡುಗಳನ್ನು ಎಣಿಸಿಯೇ ಇದು ಬರುವುದರಿಂದ, ಸೀಮೆಸುಣ್ಣದಲ್ಲಿ ಗೀಟು ಹಾಕುವ ಹುಡುಗ ಒಂದು ರಾಡ್ ತಪ್ಪಿಸಿದರೆ ಅಲ್ಲಿಂದ ಕೆಳಗಿನ ಲೆಕ್ಕವೆಲ್ಲ 3 ಮೀಟರ್ ಆಚೀಚೆ ಆಗುತ್ತದೆ. ಶಿಫ್ಟ್ ಬದಲಾಗುವಾಗ ಎಣಿಕೆಯನ್ನು ಇಬ್ಬರೂ ಸೇರಿ ಮಾಡಲಿ.

ಎರಡು, ವಾಲು. ನೆಟ್ಟಗಿನ ಗೆರೆಯಿಂದ ಬಾವಿ ಎಷ್ಟು ಡಿಗ್ರಿ ವಾಲಿದೆ ಎಂಬುದು. ನೆಟ್ಟಗಿದ್ದರೆ 0, ಮಲಗಿದ್ದರೆ 90.

ಮೂರು, ದಿಕ್ಕು. ಉತ್ತರದಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಎಷ್ಟು ಡಿಗ್ರಿ ಎಂಬುದು. ಪೂರ್ವ 90, ದಕ್ಷಿಣ 180, ಪಶ್ಚಿಮ 270.

ಎರಡನೆಯದರಲ್ಲಿ ನಾನೇ ಎಡವಿದ್ದೇನೆ. ತೈಲದವರು ವಾಲನ್ನು ನೆಟ್ಟಗಿನ ಗೆರೆಯಿಂದ ಅಳೆಯುತ್ತಾರೆ. ಅದಿರಿನವರು ಮಟ್ಟದಿಂದ ಕೆಳಕ್ಕೆ ಅಳೆದು ಮೈನಸ್ ಹಾಕಿ ಬರೆಯುತ್ತಾರೆ. ಅವರ ಮೈನಸ್ 60 ಅಂದರೆ ಇವರ 30. ಕೆಲಸಕ್ಕೆ ಸೇರಿದ ಹೊಸದರಲ್ಲಿ 300 ಮೀಟರಿನ ಒಂದು ಬಾವಿಗೆ ನಾನು ಆ 60ನ್ನು ಹಾಗೇ ವಾಲಿನ ಕಾಲಮ್ಮಿಗೆ ಹಾಕಿದೆ. ತಳದ ಆಳ 150 ಮೀಟರ್, ಪಕ್ಕಕ್ಕೆ ಹೋದದ್ದು 260 ಮೀಟರ್ ಎಂದು ಬಂತು. ಹಾಳೆ ನೋಡಿದ ಡ್ರಿಲ್ಲರ್ ಅಣ್ಣ ಕೇಳಿದರು: ‘ಸಾರ್, ರಾಡ್ ಇಷ್ಟು ನೆಟ್ಟಗೆ ನಿಂತೈತೆ. ಮುನ್ನೂರು ಮೀಟರ್ ಇಳಿಸಿದ್ರೆ ಅಷ್ಟೇ ಆಳ ಹೆಂಗಾಗ್ತದೆ?’ ಸರಿಯಾದ ಉತ್ತರ ಅದರ ತಿರುವುಮುರುವು: ಆಳ 260, ಪಕ್ಕಕ್ಕೆ 150. ಅಂದಿನಿಂದ ಹಾಳೆಯ ತಲೆಯಲ್ಲಿ ‘ವಾಲು ನೆಟ್ಟಗಿನಿಂದ’ ಎಂದು ಬರೆದೇ ಮುಂದಿನ ಕೆಲಸ. ಮೈನಸ್ 60 ಕೈಗೆ ಬಂದರೆ 90ರಿಂದ 60 ಕಳೆದು 30 ಎಂದು ಬರೆದುಕೊಳ್ಳಿ.

ದಿಕ್ಕನ್ನು ಸರಿಮಾಡುವುದು

ದಿಕ್ಸೂಚಿ ತೋರಿಸುವುದು ಕಾಂತದ ಉತ್ತರ. ನಕ್ಷೆಯ ಗೀಟುಗಳ ಉತ್ತರ ಬೇರೆ, ಭೂಮಿಯ ನಿಜ ಉತ್ತರ ಬೇರೆ. ಮೂರನ್ನೂ ಹೊಂದಿಸದೆ ಮುಂದಿನ ಲೆಕ್ಕಕ್ಕೆ ಕೈ ಹಾಕಬೇಡಿ.

ನಮ್ಮ ಸೀಮೆಯಲ್ಲಿ ಕಾಂತದ ಮುಳ್ಳು ನಿಜ ಉತ್ತರದಿಂದ ಪಶ್ಚಿಮಕ್ಕೆ ಎರಡು ಡಿಗ್ರಿಯೊಳಗೆ ತಿರುಗಿರುತ್ತದೆ. ಇದು ವರ್ಷದಿಂದ ವರ್ಷಕ್ಕೆ ಸರಿಯುವುದರಿಂದ ಕೊರೆಯುವ ವರ್ಷದ ಅಂಕಿಯನ್ನೇ ಹಾಕಬೇಕು. ಪಶ್ಚಿಮಕ್ಕಿದ್ದರೆ ಕಳೆಯಬೇಕು. 1.5 ಡಿಗ್ರಿ ಅಂತಿಟ್ಟುಕೊಂಡರೆ ಉಪಕರಣದ 75.0 ನಿಜದಲ್ಲಿ 73.5. ಕಳೆಯುವ ಬದಲು ಕೂಡಿಸಿದಿರೋ, 3 ಡಿಗ್ರಿ ತಪ್ಪು ಸೇರಿ 400 ಮೀಟರ್ ದೂರದ ಗುರಿಗೆ 21 ಮೀಟರ್ ಪಕ್ಕದಲ್ಲಿ ಬೀಳುತ್ತೀರಿ.

ಇನ್ನು ನಕ್ಷೆಯ ಉತ್ತರ. ಇಲ್ಲಿ ನಮ್ಮ ಊರಿಗೇ ಅಂಟಿದ ತೊಡಕೊಂದಿದೆ. ಯುಟಿಎಂ ಎಂಬ ನಕ್ಷೆಯ ಪದ್ಧತಿ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳುತ್ತದೆ. ಅದರ 43 ಮತ್ತು 44ನೇ ವಲಯಗಳ ಗಡಿ 78 ಡಿಗ್ರಿ ರೇಖಾಂಶ. ತುಮಕೂರು, ಚಿಕ್ಕಬಳ್ಳಾಪುರ ಪಟ್ಟಣಗಳು 43ರಲ್ಲಿ, ಕೋಲಾರ ಪಟ್ಟಣ ಮತ್ತು ಕೆಜಿಎಫ್ 44ರಲ್ಲಿ. ಕೆಜಿಎಫ್ ತನ್ನ ವಲಯದ ನಡುಗೆರೆಯಾದ 81 ಡಿಗ್ರಿಯ ಪಶ್ಚಿಮಕ್ಕಿದೆ, ಆದ್ದರಿಂದ ನಿಜ ದಿಕ್ಕಿಗೆ ಸುಮಾರು 0.6 ಡಿಗ್ರಿ ಕೂಡಿಸಿದರೆ ನಕ್ಷೆಯ ದಿಕ್ಕು. ತುಮಕೂರು ತನ್ನ ನಡುಗೆರೆಯಾದ 75 ಡಿಗ್ರಿಯ ಪೂರ್ವಕ್ಕಿದೆ, ಅಲ್ಲಿ ಸುಮಾರು 0.5 ಡಿಗ್ರಿ ಕಳೆಯಬೇಕು. ತುಮಕೂರಿನ ಹಾಳೆಯನ್ನು ನಕಲು ಮಾಡಿ ಕೆಜಿಎಫ್‌ನಲ್ಲಿ ಬಳಸಿದರೆ ಚಿಹ್ನೆಯೇ ಉಲ್ಟಾ.

ಇನ್ನೊಂದು ಮಾತು. ಕೋಲಾರದ ಶಿಲಾಪಟ್ಟಿಯಲ್ಲೂ ಚಿಕ್ಕನಾಯಕನಹಳ್ಳಿ ಕಡೆಯಲ್ಲೂ ಕಬ್ಬಿಣದ ಅಂಶವಿರುವ ಪಟ್ಟೆಕಲ್ಲು ಉಂಟು. ಕಬ್ಬಿಣದ ಕೇಸಿಂಗ್ ಹತ್ತಿರವಿದ್ದರೂ ಇದೇ ಪಾಡು: ಕಾಂತದ ಉಪಕರಣ ದಿಕ್ಕು ತಪ್ಪಿ ಹೇಳುತ್ತದೆ. ಉಪಕರಣ ಕಾಂತಕ್ಷೇತ್ರದ ಬಲವನ್ನೂ ತೋರಿಸುವುದಾದರೆ ಅದನ್ನು ನೋಡಿ. ನಮ್ಮಲ್ಲಿ ಅದು 40 ಸಾವಿರ ನ್ಯಾನೊಟೆಸ್ಲಾದ ಮೇಲಷ್ಟು ಇರಬೇಕು. ಒಂದು ಕಡೆ ಮಾತ್ರ ಅಂಕಿ ಹಾರಿದ್ದರೆ ಆ ದಿಕ್ಕನ್ನು ನಂಬಬೇಡಿ, ಕಾಂತದ ಹಂಗಿಲ್ಲದೆ ದಿಕ್ಕು ಹೇಳುವ ಗೈರೋ ಉಪಕರಣ ಇಳಿಸಿ ಮತ್ತೆ ಅಳೆಯಿರಿ. ವಾಲಿನ ಅಂಕಿಗೆ ಈ ಕಾಟವಿಲ್ಲ, ಅದು ಗುರುತ್ವದಿಂದ ಬರುವಂಥದ್ದು.

ಕೊರೆಯುವ ಮೊದಲಿನ ಯೋಜನೆ

ಒಂದು ಅಭ್ಯಾಸದ ಬಾವಿ ತೆಗೆದುಕೊಳ್ಳೋಣ. ಗುರಿ 1000 ಮೀಟರ್ ಆಳದಲ್ಲಿದೆ. ಬಾವಿಯ ಬಾಯಿಯಿಂದ ಉತ್ತರಕ್ಕೆ 112 ಮೀಟರ್, ಪೂರ್ವಕ್ಕೆ 384 ಮೀಟರ್.

ಸಮತಲ ದೂರ: 112 ಮತ್ತು 384ರ ವರ್ಗಗಳನ್ನು ಕೂಡಿ ಮೂಲ ತೆಗೆದರೆ 400 ಮೀಟರ್. ದಿಕ್ಕು: 384 ÷ 112ರ ವಿಲೋಮ ಟ್ಯಾನ್, 73.74 ಡಿಗ್ರಿ.

ಮೊದಲ 200 ಮೀಟರ್ ನೆಟ್ಟಗೆ ಇಳಿದು, ಅಲ್ಲಿಂದ 30 ಮೀಟರಿಗೆ 3 ಡಿಗ್ರಿಯಂತೆ ಬಾಗಿಸಿ, ಬೇಕಾದ ವಾಲು ಬಂದಮೇಲೆ ಗುರಿಯವರೆಗೆ ನೇರ ಹೋಗುವುದು. ಬಾಗಿನ ತ್ರಿಜ್ಯ:

ತ್ರಿಜ್ಯ = (180 ÷ 3.1416) × (30 ÷ 3) = 572.96 ಮೀಟರ್

ಬಾಗು ಶುರುವಾದ ಜಾಗದಿಂದ ಗುರಿಗೆ ಉಳಿದ ಆಳ 800, ಸಮತಲ ದೂರ 400. ಕೊನೆಯ ನೇರ ಭಾಗದ ಉದ್ದ:

ನೇರ ಭಾಗ = √(800² + (572.96 − 400)² − 572.96²) = 584.49 ಮೀಟರ್

ಬೇಕಾದ ವಾಲಿಗೆ ಸೊಗಸಾದ ಸೂತ್ರವೊಂದಿದೆ:

ಟ್ಯಾನ್(ವಾಲಿನ ಅರ್ಧ) = (800 − 584.49) ÷ (2 × 572.96 − 400) = 0.2889

ಅರ್ಧ 16.115, ಪೂರ್ತಿ ವಾಲು 32.23 ಡಿಗ್ರಿ. ಅಷ್ಟು ಬಾಗಿಸಲು 322.3 ಮೀಟರ್ ಬೇಕು. ಒಟ್ಟು ಕೊರೆತ 200 + 322.3 + 584.5, ಅಂದರೆ 1106.8 ಮೀಟರ್.

ತಾಳೆ ನೋಡದೆ ಬಿಡಬಾರದು. ಬಾಗಿದ ಭಾಗ ತ್ರಿಜ್ಯ × ಸೈನ್ 32.23ರಷ್ಟು, ಅಂದರೆ 305.6 ಮೀಟರ್ ಆಳಕ್ಕೆ ಇಳಿಯುತ್ತದೆ. ನೇರ ಭಾಗ 494.4 ಮೀಟರ್. ಕೂಡಿದರೆ 800. ಸರಿಯಿದೆ.

ಕಾಗದದ ಮೇಲೆ ಇಷ್ಟೇ. ಬಂಡೆ ಮಾತ್ರ ಕಾಗದ ನೋಡುವುದಿಲ್ಲ. ರಾಡ್ ಬಲಕ್ಕೆ ತಿರುಗುವುದರಿಂದ ಅದರ ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ ಸಾಮಾನ್ಯವಾಗಿ ಬಲಕ್ಕೆ ಜಾರುತ್ತದೆ. ಪದರ ಪದರವಾದ ಕಲ್ಲಿನಲ್ಲಿ ಬಾವಿ ಪದರಕ್ಕೆ ಅಡ್ಡವಾಗಿ ತಿರುಗಲು ನೋಡುತ್ತದೆ. ಹೀಗಾಗಿ ಬಾವಿಯ ನಿಜವಾದ ದಾರಿ ಸರ್ವೆಯ ಲೆಕ್ಕದಿಂದಲೇ ಗೊತ್ತಾಗಬೇಕು.

ಎರಡು ನಿಲ್ದಾಣದ ನಡುವಿನ ಲೆಕ್ಕ

ಇಲ್ಲಿ ಅವಸರ ಬೇಡ. ಇದೊಂದನ್ನು ಅರ್ಥಮಾಡಿಕೊಂಡರೆ ಎಷ್ಟು ಉದ್ದದ ಬಾವಿಯಾದರೂ ಇದೇ ಲೆಕ್ಕದ ಪುನರಾವರ್ತನೆ.

380 ಮೀಟರ್‌ವರೆಗೆ ಲೆಕ್ಕ ಮುಗಿದಿದೆ ಅಂದುಕೊಳ್ಳಿ. ಅಲ್ಲಿ ಆಳ 376.99, ಉತ್ತರಕ್ಕೆ 8.52, ಪೂರ್ವಕ್ಕೆ 27.04. ಸರ್ವೆ ಹಾಳೆಯಲ್ಲಿ ಹೀಗಿದೆ:

ಮೇಲಿನ ನಿಲ್ದಾಣ: ಉದ್ದ 380, ವಾಲು 18.2, ದಿಕ್ಕು 72.5
ಕೆಳಗಿನ ನಿಲ್ದಾಣ: ಉದ್ದ 410, ವಾಲು 21.4, ದಿಕ್ಕು 76.0

ಎರಡು ತುದಿಯಲ್ಲಿ ಬಾವಿ ಯಾವ ಕಡೆ ಮುಖ ಮಾಡಿದೆ ಎಂಬುದು ಗೊತ್ತು, ನಡುವೆ ಹೇಗೆ ಹೋಯಿತು ಗೊತ್ತಿಲ್ಲ. ಬಿದಿರಿನ ಸೀಳನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಅದು ನುಣ್ಣಗೆ ಒಂದೇ ಬಿಲ್ಲಾಗಿ ಬಾಗುತ್ತದಲ್ಲ, ಬಾವಿಯೂ ಹಾಗೇ ಒಂದು ವೃತ್ತದ ಕಂಸವಾಗಿ ಹೋಯಿತು ಎಂದು ಹಿಡಿಯುತ್ತೇವೆ. ಇದಕ್ಕೆ ಕನಿಷ್ಠ ಬಾಗಿನ ವಿಧಾನ ಎನ್ನಬಹುದು. ಸಾಫ್ಟ್‌ವೇರ್‌ಗಳೂ ಹೆಚ್ಚಾಗಿ ಇದನ್ನೇ ಮಾಡುತ್ತವೆ.

ಮೊದಲ ಹೆಜ್ಜೆ, ಒಟ್ಟು ಬಾಗು. ವಾಲು 3.2 ಡಿಗ್ರಿ ಏರಿದೆ, ದಿಕ್ಕು 3.5 ಡಿಗ್ರಿ ತಿರುಗಿದೆ. ಎರಡನ್ನೂ ಸುಮ್ಮನೆ ಕೂಡಿಸುವಂತಿಲ್ಲ. ವಾಲು ಕಡಿಮೆ ಇದ್ದಾಗ ದಿಕ್ಕು ಎಷ್ಟು ತಿರುಗಿದರೂ ಬಾವಿ ಬಾಗುವುದು ಸ್ವಲ್ಪವೇ.

ಕಾಸ್(ಬಾಗು) = ಕಾಸ್(ವಾಲು2 − ವಾಲು1) − ಸೈನ್(ವಾಲು1) × ಸೈನ್(ವಾಲು2) × (1 − ಕಾಸ್(ದಿಕ್ಕು2 − ದಿಕ್ಕು1))

= 0.998441 − 0.312335 × 0.364877 × 0.001865
= 0.998228

ವಿಲೋಮ ಕಾಸ್ ತೆಗೆದರೆ ಬಾಗು 3.41 ಡಿಗ್ರಿ. ಕಾಸ್ ಬೆಲೆ 1ಕ್ಕೆ ಅಷ್ಟು ಹತ್ತಿರವಿರುವುದರಿಂದ ಆರು ದಶಮಾಂಶ ಇಟ್ಟುಕೊಳ್ಳಿ. ಮೂರಕ್ಕೆ ಕತ್ತರಿಸಿದರೆ 3.62 ಡಿಗ್ರಿ ಬಂದುಬಿಡುತ್ತದೆ.

ರಿಗ್ಗಿನವರು ಡಾಗ್‌ಲೆಗ್ ಅನ್ನುವುದು ಇದನ್ನೇ. 30 ಮೀಟರಿಗೆ 3.41, ಯೋಜನೆಯಲ್ಲಿ 3. ಪರವಾಗಿಲ್ಲ. ಈ ಅಂಕಿ ಒಮ್ಮೆಲೇ ಏರಿದರೆ ಅಲ್ಲಿ ರಾಡ್ ಉಜ್ಜಿ ಸವೆಯುತ್ತದೆ, ಕೇಸಿಂಗ್ ಇಳಿಯಲು ಒಪ್ಪುವುದಿಲ್ಲ. ನೀರಿನ ಬೋರಿನಲ್ಲಿ ಸಬ್‌ಮರ್ಸಿಬಲ್ ಮೋಟರ್ ನಡುದಾರಿಯಲ್ಲಿ ಸಿಕ್ಕಿಕೊಳ್ಳುವುದಕ್ಕೆ ಇಂಥ ಬಾಗೂ ಒಂದು ಕಾರಣ.

ಎರಡನೇ ಹೆಜ್ಜೆ, ತಿದ್ದುಪಡಿಯ ಗುಣಕ. ಬಾಗನ್ನು ರೇಡಿಯನ್‌ಗೆ ತಿರುಗಿಸಿ: 3.4112 × 3.1416 ÷ 180 = 0.059537.

ಗುಣಕ = (2 ÷ 0.059537) × ಟ್ಯಾನ್(ಬಾಗಿನ ಅರ್ಧ) = 1.000295

ಮೂರನೇ ಹೆಜ್ಜೆ, ಮೂರು ಕಡೆಗೂ ಎಷ್ಟೆಷ್ಟು ಸರಿಯಿತು ಎಂಬುದು. ಉದ್ದ 30, ಅದರ ಅರ್ಧ 15.

ಆಳ = 15 × (ಕಾಸ್ 18.2 + ಕಾಸ್ 21.4) × ಗುಣಕ
= 15 × (0.949972 + 0.931056) × 1.000295 = 28.22 ಮೀಟರ್

ಉತ್ತರ = 15 × (ಸೈನ್ 18.2 × ಕಾಸ್ 72.5 + ಸೈನ್ 21.4 × ಕಾಸ್ 76.0) × ಗುಣಕ
= 15 × (0.093921 + 0.088272) × 1.000295 = 2.73 ಮೀಟರ್

ಪೂರ್ವ = 15 × (ಸೈನ್ 18.2 × ಸೈನ್ 72.5 + ಸೈನ್ 21.4 × ಸೈನ್ 76.0) × ಗುಣಕ
= 15 × (0.297879 + 0.354039) × 1.000295 = 9.78 ಮೀಟರ್

ಮೇಲಿನ ನಿಲ್ದಾಣಕ್ಕೆ ಕೂಡಿಸಿ. 410 ಮೀಟರಿನಲ್ಲಿ ಆಳ 405.21, ಉತ್ತರ 11.25, ಪೂರ್ವ 36.82.

ಪ್ರತಿ ಸಾಲಿಗೂ ನಾನು ಮಾಡುವ ತಾಳೆ ಇದು: ಮೂರೂ ಸರಿತಗಳ ವರ್ಗ ಕೂಡಿ ಮೂಲ ತೆಗೆಯಿರಿ. 29.996 ಬರುತ್ತದೆ. ಬಿಲ್ಲಿಗಿಂತ ಅದರ ಹೆದೆ ಗಿಡ್ಡ, ಹಾಗಾಗಿ ಇದು 30ಕ್ಕಿಂತ ಒಂದು ಕೂದಲೆಳೆ ಕಡಿಮೆ ಇರಲೇಬೇಕು. 30ಕ್ಕಿಂತ ಹೆಚ್ಚಾದರೆ ಎಲ್ಲೋ ಸೈನ್ ಇರಬೇಕಾದ ಕಡೆ ಕಾಸ್ ಒತ್ತಿದ್ದೀರಿ.

ಇಷ್ಟೆಲ್ಲ ಯಾಕೆ, ಕೆಳಗಿನ ನಿಲ್ದಾಣದ ವಾಲು ದಿಕ್ಕುಗಳನ್ನೇ ಇಡೀ 30 ಮೀಟರಿಗೂ ಹಚ್ಚಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿ ನೋಡಿ. ಆಳ 27.93, ಪೂರ್ವ 10.62 ಬರುತ್ತದೆ. ಒಂದೇ ಸಾಲಿನಲ್ಲಿ ಪೂರ್ವಕ್ಕೆ 84 ಸೆಂಟಿಮೀಟರ್ ತಪ್ಪು, ಬಾಗು ಮುಂದುವರಿದಷ್ಟೂ ತಪ್ಪು ಒಂದೇ ಕಡೆಗೆ ಗುಡ್ಡೆ ಬೀಳುತ್ತದೆ. ಎರಡೂ ನಿಲ್ದಾಣಗಳ ಸರಾಸರಿ ವಾಲು, ಸರಾಸರಿ ದಿಕ್ಕು ಹಾಕಿದರೆ ಆಳ 28.23, ಉತ್ತರ 2.76, ಪೂರ್ವ 9.78. ರಿಗ್ ಪಕ್ಕದಲ್ಲಿ ನಿಂತು ಬೇಗ ನೋಡಿಕೊಳ್ಳಲು ಇದು ಚೆನ್ನಾಗಿಯೇ ಇದೆ. ಆದರೆ ಉತ್ತರ ದಿಕ್ಕಿನ ಆಸುಪಾಸು ಎಚ್ಚರ: 358 ಮತ್ತು 4ರ ಸರಾಸರಿ 181 ಬಂದು ಬಾವಿ ದಕ್ಷಿಣಕ್ಕೆ ಓಡುತ್ತದೆ. ಸರಿಯಾದ ಸರಾಸರಿ 1 ಡಿಗ್ರಿ. ಕನಿಷ್ಠ ಬಾಗಿನ ವಿಧಾನಕ್ಕೆ ಈ ರೋಗವಿಲ್ಲ.

ನೆಟ್ಟಗಿರುವ ನಿಲ್ದಾಣದಲ್ಲಿ ದಿಕ್ಕಿನ ಕಾಲಮ್ಮಿಗೆ ಏನು ಬರೆಯಬೇಕು ಎಂದು ಹುಡುಗರು ತಬ್ಬಿಬ್ಬಾಗುತ್ತಾರೆ. ಏನು ಬರೆದರೂ ನಡೆಯುತ್ತದೆ. ವಾಲು 0 ಆದರೆ ಸೈನ್ 0, ದಿಕ್ಕು ತಾನಾಗಿ ಲೆಕ್ಕದಿಂದ ಬಿದ್ದುಹೋಗುತ್ತದೆ.

ಬಂದ ಅಂಕಿಯನ್ನು ಓದುವುದು

ಬಾಯಿಯಿಂದ ಸಮತಲ ದೂರ: 11.25 ಮತ್ತು 36.82ರಿಂದ 38.50 ಮೀಟರ್. ದಿಕ್ಕು 73.01 ಡಿಗ್ರಿ. ಯೋಜನೆಯ ಗೆರೆ 73.74, ವ್ಯತ್ಯಾಸ 0.73. 38.50 × ಸೈನ್ 0.73 ಅಂದರೆ ಬಾವಿ ಗೆರೆಯ ಎಡಕ್ಕೆ 49 ಸೆಂಟಿಮೀಟರ್ ಇದೆ. ಯೋಜನೆಯ ಪ್ರಕಾರ 410 ಮೀಟರಿಗೆ ಆಳ 405.33, ದೂರ 38.06 ಇರಬೇಕಿತ್ತು. ಆಳದಲ್ಲಿ 12 ಸೆಂಟಿಮೀಟರ್ ಮೇಲೆ, ದೂರದಲ್ಲಿ 44 ಸೆಂಟಿಮೀಟರ್ ಮುಂದೆ. ಒಳ್ಳೆಯ ಕೆಲಸ.

ಎಡಕ್ಕಿದೆ ಎಂದು ತಕ್ಷಣ ಬಲಕ್ಕೆ ತಿರುಗಿಸಲು ಹೇಳಿದರೆ ಮಾತ್ರ ಕೆಲಸ ಕೆಡುತ್ತದೆ. ಬಾವಿ ನಿಂತಿರುವುದು ಎಡಕ್ಕೆ, ಮುಖ ಮಾಡಿರುವುದು ಬಲಕ್ಕೆ. ಈಗಿನ ಜಾಗದಿಂದ ಗುರಿಗೆ ಉತ್ತರ 100.75, ಪೂರ್ವ 347.18 ಉಳಿದಿದೆ. ಅದರ ದಿಕ್ಕು 73.82 ಡಿಗ್ರಿ, ದೂರ 361.5 ಮೀಟರ್. ಬಾವಿಯ ಮುಖ 76.0ರಲ್ಲಿದೆ. ಹೀಗೇ ಬಿಟ್ಟರೆ 361.5 × ಸೈನ್ 2.18, ಸುಮಾರು 14 ಮೀಟರ್ ಬಲಕ್ಕೆ ಗುರಿ ತಪ್ಪುತ್ತದೆ. ಆದ್ದರಿಂದ ಇಲ್ಲಿಂದ ನಿಧಾನವಾಗಿ ಎಡಕ್ಕೆ ತರಬೇಕು. ಇರುವ ಜಾಗ ಒಂದು, ಹೊರಟಿರುವ ದಿಕ್ಕು ಇನ್ನೊಂದು. ಪ್ರತಿ ಸರ್ವೆಯ ನಂತರ ಎರಡನ್ನೂ ಬೇರೆಬೇರೆಯಾಗಿ ಬರೆದಿಡಿ.

ಉಪಕರಣ ಬಿಟ್ಟಿನ ತುದಿಯಲ್ಲಿರುವುದಿಲ್ಲ ಎಂಬುದೂ ನೆನಪಿರಲಿ. ಅದು 12 ಮೀಟರ್ ಹಿಂದಿದ್ದರೆ 410ರ ಅಂಕಿ ಬರುವ ಹೊತ್ತಿಗೆ ಬಿಟ್ 422ರಲ್ಲಿದೆ. ಅದೇ ವಾಲಿನಲ್ಲಿ ಹೋಗಿದೆ ಎಂದು ಹಿಡಿದರೆ ಇನ್ನೂ 11.17 ಮೀಟರ್ ಆಳಕ್ಕೆ, 4.38 ಮೀಟರ್ ಮುಂದಕ್ಕೆ.

ಎಕ್ಸೆಲ್‌ಗೆ ಹಾಕುವಾಗ

ಎಕ್ಸೆಲ್ ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತದೆ. ಡಿಗ್ರಿಯನ್ನು ತಿರುಗಿಸದೆ ಹಾಕಿದರೂ ಏನೋ ಒಂದು ಅಂಕಿ ಕೊಡುತ್ತದೆ, ಅದೇ ಅಪಾಯ. ಬಾವಿ ಸ್ವಲ್ಪವೂ ಬಾಗದ ಸಾಲಿನಲ್ಲಿ ಗುಣಕದ ಸೂತ್ರ ಸೊನ್ನೆಯಿಂದ ಭಾಗಿಸಲು ಹೋಗಿ ನಿಂತುಬಿಡುತ್ತದೆ, ಅಲ್ಲಿ ಗುಣಕ 1 ಎಂದು ಷರತ್ತು ಹಾಕಿ. ದಿಕ್ಕಿಗೆ ಎರಡು ಅಂಕಿ ತೆಗೆದುಕೊಳ್ಳುವ ವಿಲೋಮ ಟ್ಯಾನ್ ಬಳಸಿ, ಎಕ್ಸೆಲ್‌ನಲ್ಲಿ ಮೊದಲು ಉತ್ತರ, ಆಮೇಲೆ ಪೂರ್ವ. ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದು ತಿರುವುಮುರುವು. ಬಂದ ದಿಕ್ಕು ಮೈನಸ್ ಆಗಿದ್ದರೆ 360 ಕೂಡಿಸಿ. ಹಾಳೆ ಸಿದ್ಧವಾದ ಮೇಲೆ ಮೇಲಿನ 380ರಿಂದ 410ರ ಸಾಲನ್ನು ಹಾಕಿ, ನನ್ನ ಅಂಕಿಗಳೇ ಬರುತ್ತವೆಯೇ ನೋಡಿ.

ಬಂದರೆ ಮುಂದಿನ ಸಾಲು ನಿಮ್ಮದು. ಉದ್ದ 440, ವಾಲು 24.3, ದಿಕ್ಕು 75.0. ಮೊದಲು ಕೈಯಲ್ಲಿ ಮಾಡಿ, ಆಮೇಲೆ ಕೆಳಗೆ ನೋಡಿ.

ಬಾಗು 2.93 ಡಿಗ್ರಿ, ಗುಣಕ 1.000217. ಆಳ 27.64, ಉತ್ತರ 2.92, ಪೂರ್ವ 11.28 ಸೇರಿ, ನಿಲ್ದಾಣ 432.85, 14.17, 48.10. ಗೆರೆಯಿಂದ ಎಡಕ್ಕೆ 14 ಸೆಂಟಿಮೀಟರ್, ಮುಖ ಇನ್ನೂ ಗುರಿಗಿಂತ 1.24 ಡಿಗ್ರಿ ಬಲಕ್ಕೆ.